ಮಾಳಿಂಗಪ್ಪ ಮುಚ್ಚಿದ ಕೆಂಪು ದೀಪ

ಮಾನ್ವಿಯಲ್ಲಿ ರಾಯಚೂರು ರಸ್ತೆಗೆ ಮುಖ ಮಾಡಿರುವ ಒಂದು ತಗಡಿನ ಅಂಗಡಿ ಮಾಳಿಂಗಪ್ಪನದು. ಗೋಡೆಗೆ ತೂಗುಹಾಕಿದ ತಂತಿಯ ಸುರುಳಿಗಳು, ಬಿಚ್ಚಿಟ್ಟ ಡೈನಮೊಗಳು, ಬಾಗಿಲ ಬಲಕ್ಕೆ ಚಾರ್ಜಿಗೆ ಹಚ್ಚಿದ ಬ್ಯಾಟರಿಗಳ ಸಾಲು. ಆ ಬ್ಯಾಟರಿಗಳಿಂದ ಏಳುವ ಹುಳಿ ವಾಸನೆ ಅವನ ಅಂಗಿಗೆ ಹತ್ತಿಕೊಂಡು ಮನೆಯವರೆಗೂ ಬರುತ್ತದೆಂದು ಹೆಂಡತಿ ಬೂದೆಮ್ಮ ಮೂವತ್ತು ವರ್ಷದಿಂದ ಗೊಣಗುತ್ತಿದ್ದಾಳೆ.

ಅವನದು ಮಲ್ಲಟದ ಕುರಿ ಕಾಯುವ ಮನೆತನ. ಹದಿನೇಳಕ್ಕೆ ಕುರಿ ಬಿಟ್ಟು ರಾಯಚೂರಿಗೆ ಹೋಗಿ ತೀನ್ ಕಂದೀಲ್ ಹತ್ತಿರದ ಸೈಫುದ್ದೀನ್ ಉಸ್ತಾದರ ಅಂಗಡಿ ಸೇರಿದ. ಅಲ್ಲಿ ಹನ್ನೆರಡು ವರ್ಷ ಗಾಡಿಗಳ ಕರೆಂಟಿನ ಕೆಲಸ ಕಲಿತ. ಉಸ್ತಾದರು ಕೈಯಲ್ಲಿ ಮೀಟರ್ ಹಿಡಿಯದೆ ಸ್ಪ್ಯಾನರ್ ಮುಟ್ಟಗೊಡುತ್ತಿರಲಿಲ್ಲ. ಊಹೆ ಮಾಡಿ ಸಾಮಾನು ಬದಲಿಸುವವನನ್ನು ಅವರು ಮೆಕ್ಯಾನಿಕ್ ಎನ್ನುತ್ತಿರಲಿಲ್ಲ, ದಲ್ಲಾಳಿ ಎನ್ನುತ್ತಿದ್ದರು. ಮಾಳಿಂಗಪ್ಪ ಅದನ್ನು ಮರೆತವನಲ್ಲ. ಹಳೆಯ ಗಾಡಿ ಬಂದರೆ ಮೊದಲು ಬೆಲ್ಟ್ ಒತ್ತಿ ನೋಡುತ್ತಿದ್ದ, ಬ್ಯಾಟರಿಯ ತುದಿಗಳ ಮೇಲಿನ ಬಿಳಿ ಹಸಿರು ಬೂಷ್ಟು ಕೆರೆಯುತ್ತಿದ್ದ, ಇಂಜಿನ್ ನಿಂತಾಗ ಒಂದು ಸಲ, ಓಡುವಾಗ ಒಂದು ಸಲ, ಲೈಟು ಹಚ್ಚಿ ಒಂದು ಸಲ ಅಳೆಯುತ್ತಿದ್ದ. ಅಷ್ಟಾದ ಮೇಲೆ ಕೊನೆಯ ಅಳತೆ ಒಂದಿತ್ತು. ಡೈನಮೊದಿಂದ ಬ್ಯಾಟರಿಗೆ ಬರುವ ದಪ್ಪ ತಂತಿಯ ಎರಡೂ ತುದಿಗೆ ಮೀಟರ್ ಇಟ್ಟು, ದಾರಿಯಲ್ಲಿ ಕರೆಂಟು ಎಷ್ಟು ಸೋರುತ್ತದೆ ಎಂದು ನೋಡುವುದು. ಇದಕ್ಕೆ ಗಾಡಿ ಬಿಸಿಯಾಗಬೇಕು, ಅರ್ಧ ತಾಸು ಓಡಿಸಬೇಕು. ಅವಸರದ ಗಿರಾಕಿಗಳಿಗೆ ಅದು ಹಿಡಿಸುತ್ತಿರಲಿಲ್ಲ. ಆದರೂ ಅವನು ಬಿಡುತ್ತಿರಲಿಲ್ಲ.

ಬಿಟ್ಟದ್ದು ಒಂದೇ ಸಲ. ಹೋದ ವರ್ಷ ಜೂನಿನಲ್ಲಿ, ಮಿರಗ ಮಳೆಯ ಹೊತ್ತಿನ ಒಂದು ಶನಿವಾರ.

ಅಂದು ಮಧ್ಯಾಹ್ನ ಪೋತ್ನಾಳದ ಅಕ್ಕಿ ಗಿರಣಿಯವರ ಬಿಳಿ ಅಂಬಾಸಿಡರ್ ಬಂದು ನಿಂತಿತು. ಇಪ್ಪತ್ತೆಂಟು ವರ್ಷದ ಡೀಸೆಲ್ ಗಾಡಿ. ಗಿರಣಿ ನಡೆಸುವವನು ಆ ಮನೆಯ ಹಿರಿಯ ಮಗ ವಿರೂಪಣ್ಣ. ಗಾಡಿ ಓಡಿಸಿಕೊಂಡು ಬಂದವನು ಅವನ ತಮ್ಮ ಚನ್ನವೀರ, ನಲವತ್ತೈದರ ಸೌಮ್ಯ ಮನುಷ್ಯ. ಹಿಂದಿನ ಸೀಟಿನಲ್ಲಿ ಅವರ ತಾಯಿ ಅನ್ನಮ್ಮ, ಹಣೆ ತುಂಬ ವಿಭೂತಿ, ಸೆರಗು ಬಿಗಿಯಾಗಿ ಹೊದ್ದು, ಕಾಲು ಮಡಚಿ ಕುಳಿತಿದ್ದಳು.

"ಮಾಳಿಂಗಪ್ಪ, ಇದರ ಚಾರ್ಜಿನ ಕೆಂಪು ಲೈಟ್ ನಮ್ಮನ್ನ ಸಾಯಿಸಾಕತ್ತದ ನೋಡು," ಎಂದ ಚನ್ನವೀರ. "ಬ್ಯಾಟರಿ ಹೊಸದು. ಡೈನಮೊ ಹೊಸದು. ಮೂರು ಗ್ಯಾರೇಜು ತಿರುಗಿದ್ವಿ. ಇಪ್ಪತ್ತು ಕಿಲೋಮೀಟರ್ ಹೋದ ಮ್ಯಾಲ ಹತ್ತತದ. ಗಾಡಿ ನಿಂದ್ರಿಸಿ ಬಾನೆಟ್ ತೆಗದ್ರ ಆರಿ ಹೋಗ್ತದ. ನಮ್ಮ ಜೋಡಿ ಆಟ ಆಡ್ದಂಗ ಮಾಡ್ತದ."

"ಈಗ ಹತ್ತೇದೇನ್ರಿ?"

"ಇಲ್ಲ. ಗ್ಯಾರೇಜಿನ ಮುಂದ ಯಾವತ್ತೂ ಹತ್ತಂಗಿಲ್ಲ."

ಮಾಳಿಂಗಪ್ಪ ಬೆಲ್ಟ್ ಒತ್ತಿದ, ಬಿಗಿಯಾಗಿತ್ತು. ಬ್ಯಾಟರಿ ತುದಿಗಳು ಸ್ವಚ್ಛ. ಮೀಟರ್ ಇಟ್ಟ. ನಿಂತಾಗ ಹನ್ನೆರಡೂವರೆ ವೋಲ್ಟ್, ಇಂಜಿನ್ ಓಡಿದಾಗ ಹದಿನಾಲ್ಕಕ್ಕೆ ಒಂದು ಕೂದಲು ಕಮ್ಮಿ. ಲೈಟು ಹಚ್ಚಿದರೂ ಹೆಚ್ಚೇನೂ ಇಳಿಯಲಿಲ್ಲ. ಎಲ್ಲ ಸರಿಯಾಗಿತ್ತು. ಅವನಿಗೆ ಹಿಡಿಸದಿದ್ದದ್ದೇ ಅದು. ಕೆಟ್ಟ ಗಾಡಿ ಕೆಟ್ಟದ್ದನ್ನು ತೋರಿಸಬೇಕು. ಇದು ಒಳಗೇನೋ ಇಟ್ಟುಕೊಂಡು ಎದುರಿಗೆ ಒಳ್ಳೆಯ ಮುಖ ಮಾಡುತ್ತಿತ್ತು.

"ಎರಡು ದಿನ ಬಿಟ್ಟು ಹೋಗ್ರಿ ಚನ್ನವೀರಣ್ಣ. ಓಡಿಸಿ, ಕಾಯಿಸಿ ನೋಡಬೇಕು."

"ನಾಳೆ ದೇವದುರ್ಗದಾಗ ನಮ್ಮ ಅಕ್ಕನ ಮಗಳ ಲಗ್ನ ಅದನೋ. ಅವ್ವನ್ನ ಬಸ್ಸಿನ್ಯಾಗ ಕರಕೊಂಡು ಹೋಗಲೇನು? ಸೋಮವಾರ ತಂದು ನಿಂದ್ರಿಸ್ತೀನಿ, ವಾರ ಇಟಗೋ." ಹೀಗೆ ಹೇಳಿ ಚನ್ನವೀರ ಎದುರಿನ ಹೋಟೆಲಿಗೆ ಚಹಾ ಹೇಳಲು ರಸ್ತೆ ದಾಟಿದ.

ಅವನು ಅತ್ತ ಹೋದದ್ದೇ ಅನ್ನಮ್ಮ ಕಿಟಕಿಯಿಂದ ಕೈ ಹೊರಹಾಕಿ ಮಾಳಿಂಗಪ್ಪನನ್ನು ಹತ್ತಿರ ಕರೆದಳು.

"ಯಪ್ಪಾ, ಒಂದು ಮಾತು ಹೇಳ್ತೀನಿ. ಆ ಲೈಟ್ ಕಿತ್ತು ಒಗದುಬಿಡು."

"ಯಾಕ್ರೀ ಯವ್ವಾ?"

ಆಕೆ ಮುಂದಿನ ಸೀಟನ್ನೇ ನೋಡುತ್ತ ಹೇಳಿದಳು. ಎರಡು ವರ್ಷದ ಹಿಂದೆ ಆಕೆಯ ಗಂಡನಿಗೆ ಎದೆನೋವು ಬಂದಾಗ ರಾಯಚೂರಿಗೆ ಒಯ್ದದ್ದು ಇದೇ ಕಾರಿನಲ್ಲಿ. ಗಂಡನ ತಲೆ ಆಕೆಯ ತೊಡೆಯ ಮೇಲಿತ್ತು. ಕಲ್ಮಲಾ ದಾಟಿದ ಮೇಲೆ ನೀರು ಕುಡಿಸಲೆಂದು ಗಾಡಿ ನಿಲ್ಲಿಸಿದರು. ಮತ್ತೆ ಸ್ಟಾರ್ಟ್ ಆಗಲಿಲ್ಲ. ಚನ್ನವೀರ ತಳ್ಳಿದ, ದಾರಿಹೋಕರು ತಳ್ಳಿದರು. ಅಷ್ಟರಲ್ಲಿ ಜೀವ ಹೋಗಿತ್ತು.

"ಅಲ್ಲೀತನಕ ನಾ ಆ ಕೆಂಪು ಚುಕ್ಕಿನ ನೋಡ್ಕೋತ ಕುಂತಿದ್ದೆ," ಎಂದಳು. "ಪೂರಾ ಹತ್ತತಿದ್ದಿಲ್ಲಪ್ಪಾ. ಬೂದಿ ಕವಿದ ಕೆಂಡದಂಗ, ಮಬ್ಬಗ ಇತ್ತು. ಈಗೂ ಹಂಗ ಇರ್ತದ. ಅದನ್ನ ನೋಡಿದ್ರ ನನ್ನ ಕೈಕಾಲು ತಣ್ಣಗಾಗ್ತಾವ. ಮಕ್ಕಳಿಗೆ ಹೇಳಿದ್ರ ಅಪ್ಪನ ಗಾಡಿ, ಮಾರಂಗಿಲ್ಲ ಅಂತಾರ. ಗಾಡಿ ಇರಲಿ. ಅದೊಂದು ಕಾಣಬಾರದು ನೋಡು. ನಿನಗ ಪುಣ್ಯ ಬರ್ತದ."

ಮಾಳಿಂಗಪ್ಪನ ತಾಯಿ ತೀರಿ ವರ್ಷ ತುಂಬಿರಲಿಲ್ಲ. ಆ ಮುದುಕಿಯ ಕೈ ಅವನ ಮುಂಗೈ ಮೇಲೆ ಇತ್ತು.

ದೀಪವನ್ನು ಕಿತ್ತರೆ ಡೈನಮೊ ಎಚ್ಚರಗೊಳ್ಳುವುದಿಲ್ಲ, ಅದರ ಮೂಲಕವೇ ಮೊದಲ ಕರೆಂಟು ಒಳಹೋಗಬೇಕು ಎಂಬುದು ಅವನಿಗೆ ಗೊತ್ತಿತ್ತು. ಹಾಗಾಗಿ ಕೀಳಲಿಲ್ಲ. ಮೀಟರ್ ಫಲಕವನ್ನು ಸಡಿಲಿಸಿ, ದೀಪದ ಮುಂದಿನ ಕೆಂಪು ಗಾಜಿಗೆ ಒಳಗಿನಿಂದ ಕಪ್ಪು ಟೇಪನ್ನು ಎರಡು ಪದರ ಅಂಟಿಸಿದ. ದೀಪ ಉರಿಯುತ್ತದೆ, ಯಾರಿಗೂ ಕಾಣುವುದಿಲ್ಲ. ಐದು ನಿಮಿಷದ ಕೆಲಸ. ಒಂದು ದಿನದ ಮಟ್ಟಿಗೆ ತಾನೆ, ಸೋಮವಾರ ಗಾಡಿ ತನ್ನಲ್ಲೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಚನ್ನವೀರ ಚಹಾ ಹಿಡಿದು ಬಂದ. "ಆತೇನು?"

ಮಾಳಿಂಗಪ್ಪ ಬಾಯಿ ತೆರೆದ. ಅನ್ನಮ್ಮ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದಳು.

"ಇನ್ನ ಲೈಟ್ ಕಾಣಂಗಿಲ್ರಿ," ಎಂದ. "ಸೋಮವಾರ ಮಾತ್ರ ತಪ್ಪಸಬ್ಯಾಡ್ರಿ."

"ಭಲೇ! ಮೂರು ಗ್ಯಾರೇಜಿನವರ ಕೈಲಾಗದ್ದು ನಿನ್ನ ಕೈಲಾತು." ಚನ್ನವೀರ ಅವನ ಬೆನ್ನು ತಟ್ಟಿದ. ತನ್ನ ಮಾತು ಹೇಗೆ ಕೇಳಿಸಿತೆಂದು ಮಾಳಿಂಗಪ್ಪನಿಗೆ ಆ ಕ್ಷಣವೇ ಗೊತ್ತಾಯಿತು. ತಿದ್ದಬಹುದಿತ್ತು. ತಿದ್ದಲಿಲ್ಲ. ಹೊರಡುವಾಗ ಚನ್ನವೀರ ಡಿಕ್ಕಿ ತೆಗೆದು, ಹಿಂದಿನ ಗ್ಯಾರೇಜಿನವರು ಕೆಟ್ಟಿದೆ ಎಂದು ಬಿಚ್ಚಿಕೊಟ್ಟಿದ್ದ ಹಳೆಯ ಡೈನಮೊವನ್ನು ಇಳಿಸಿದ. "ಇದು ನಿನಗ ಗುಜರಿಗಾದ್ರೂ ಬರ್ತದ, ಇಟಗೋ," ಎಂದು ಹೇಳಿ ಹೋದ.

ಆ ಸಂಜೆ ಊಟದ ಹೊತ್ತಿಗೆ ಬೂದೆಮ್ಮ ಎರಡು ಸಲ ಕೇಳಿದಳು, ಯಾಕೆ ಸುಮ್ಮನಿದ್ದೀ ಎಂದು. ಅವನು ಸೆಖೆ ಎಂದ. ನಿಜಕ್ಕೂ ಸೆಖೆ ಇತ್ತು. ಗಾಳಿ ಬಿದ್ದುಹೋಗಿತ್ತು. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿ ಮಳೆ ಸುರಿಸದೆ ಹಾಗೇ ಕುಳಿತಿತ್ತು.

ಭಾನುವಾರ ಅಂಗಡಿಗೆ ರಜೆ. ಆದರೂ ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಶಟರ್ ಎತ್ತಿದ. ಚನ್ನವೀರ ಕೊಟ್ಟ ಡೈನಮೊ ಮೂಲೆಯಲ್ಲಿ ಬಿದ್ದಿತ್ತು. ಒಳಗೆ ಉಜ್ಜಿ ಸವೆಯುವ ಕಾರ್ಬನ್ನಾದರೂ ಉಪಯೋಗಕ್ಕೆ ಬರುತ್ತದೇನೋ ಎಂದು ಬಿಚ್ಚಿದ. ಕಾರ್ಬನ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಬೇರಿಂಗ್ ಸದ್ದಿಲ್ಲದೆ ತಿರುಗಿತು. ಅನುಮಾನ ಬಂದು ಅದನ್ನು ಮತ್ತೆ ಜೋಡಿಸಿ, ಪರೀಕ್ಷೆ ಮಾಡುವ ಮೋಟರಿನ ಮೇಲೆ ಕೂರಿಸಿ ತಿರುಗಿಸಿದ. ಮೀಟರಿನ ಅಂಕಿ ಏರುತ್ತ ಹೋಗಿ ಹದಿನಾಲ್ಕರ ಮೇಲೆ ನಿಂತಿತು. ಅಲ್ಲಾಡಲಿಲ್ಲ.

ಆ ಡೈನಮೊಗೆ ಏನೂ ಆಗಿರಲಿಲ್ಲ. ಎಂದೂ ಆಗಿರಲಿಲ್ಲ.

ಅವನು ಉಸ್ತಾದರಿಗೆ ಫೋನ್ ಹಚ್ಚಿದ. ಸೈಫುದ್ದೀನ್ ಈಗ ಎಂಬತ್ತು ದಾಟಿದವರು, ಮನೆಯ ಮಂಚದ ಮೇಲೇ ಹೆಚ್ಚು ಹೊತ್ತು. ಕಿವಿ ಮಾತ್ರ ಚುರುಕು. ಎಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಅರೆ ಮಾಳಿಂಗ, ಬತ್ತಿ, ಆ ಲೈಟು, ಪೂರಾ ಉರೀತಿತ್ತಾ, ಮಂದ ಉರೀತಿತ್ತಾ?"

ಮಾಳಿಂಗಪ್ಪನಿಗೆ ಆ ಮಾತು ನೆನಪಾಯಿತು. ಬೂದಿ ಕವಿದ ಕೆಂಡದಂಗ, ಎಂದಿದ್ದಳು ಅನ್ನಮ್ಮ. ಅದನ್ನವನು ಮುದುಕಿಯ ಸಂಕಟವೆಂದು ಕೇಳಿದ್ದ, ಲಕ್ಷಣವೆಂದು ಕೇಳಿರಲಿಲ್ಲ.

"ಮಂದ ಉಸ್ತಾದ್."

"ಮತ್ತ ಡೈನಮೊ ಯಾಕ ಬದಲಿ ಮಾಡಿದ್ರು ಗಧಾಗಳು? ಪೂರಾ ಉರಿದ್ರ ಡೈನಮೊ ಸತ್ತದ. ಮಂದ ಉರಿದ್ರ ಡೈನಮೊ ಜಿಂದಾ ಅದ, ರಸ್ತಾ ಕೆಟ್ಟದ. ದೊಡ್ಡ ವೈರು ಒಳಗ ಹರದದ ಬೇಟಾ. ಬಿಸಿ ಆದಾಗ ಬಿಡ್ತದ, ತಣ್ಣಗಾದ್ರ ಕೂಡ್ತದ. ಬಿಡುವಾಗ ಕಿಡಿ ಹಾರತದ, ಕಾಯ್ತದ. ಆ ವೈರಿಗೆ ಫ್ಯೂಜ್ ಇಲ್ಲ, ನಿನಗ ಗೊತ್ತು. ಪಕ್ಕದಾಗ ಡೀಸೆಲ್ ಪೈಪು." ಅವರು ಉಸಿರು ಎಳೆದುಕೊಂಡರು. "ಬತ್ತಿ ಹತ್ತಿದ ಕೂಡ್ಲೆ ಗಾಡಿ ನಿಂದ್ರಿಸ್ತಿದ್ರಲ್ಲ, ಅದಕ್ಕ ಇಷ್ಟು ದಿನ ಬಚಾವ್. ಹೇಳು, ನಿಂದ್ರಸಾಕ ಹೇಳು ಅವರಿಗೆ."

"ಬತ್ತಿ ನಾ ಮುಚ್ಚೀನಿ ಉಸ್ತಾದ್."

"ಹೋಗು," ಎಂದರು ಸೈಫುದ್ದೀನ್.

ಚನ್ನವೀರನ ಫೋನು ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದ. ಮತ್ತೆ ನಿಂತಿತು. ಲಗ್ನದ ಬಾಜಾ ಭಜಂತ್ರಿಯಲ್ಲಿ ಯಾರಿಗೆ ಕೇಳಿಸಬೇಕು? ವಿರೂಪಣ್ಣನ ನಂಬರು ಅವನಲ್ಲಿ ಇರಲಿಲ್ಲ, ಗಿರಣಿಯ ಫೋನನ್ನು ಎತ್ತುವವರಿಲ್ಲ. ಮನೆಯ ಮುಂದೆ ಮೋಟರ್‌ಸೈಕಲ್ ನಿಲ್ಲಿಸಿ ಬೂದೆಮ್ಮನಿಗೆ ನಾಲ್ಕು ಮಾತಿನಲ್ಲಿ ಹೇಳಿದ. ಆಕೆ ಬೈಯಲಿಲ್ಲ. ಒಳಗೆ ಹೋಗಿ ನೀರಿನ ಬಾಟಲಿ ತಂದು ಕೊಟ್ಟು, "ಎದುರಿಗೆ ನಿಂತು ಖರೇ ಹೇಳು. ಏನೂ ಮುಚ್ಚಬ್ಯಾಡ," ಎಂದಳು.

ಸಿರವಾರ ದಾಟುವವರೆಗೆ ಬಿಸಿಲು ಸುಡುತ್ತಿತ್ತು. ಅಲ್ಲಿಂದ ಮುಂದೆ ಬೆಳಕಿನ ಬಣ್ಣ ಬದಲಾಯಿತು. ಹೊಲಗಳ ಮೇಲೆ ಹಳದಿ ಛಾಯೆ ಇಳಿಯಿತು. ಗಾಳಿ ಒಮ್ಮೆಲೆ ಎದ್ದು ಕೆಂಪು ಧೂಳನ್ನು ರಸ್ತೆಗೆ ಅಡ್ಡಲಾಗಿ ತಳ್ಳತೊಡಗಿತು. ದೂರದಲ್ಲಿ ಬಿಳಿಯದೇನಾದರೂ ಕಂಡರೆ ಅಂಬಾಸಿಡರ್ ಎಂದುಕೊಂಡು ವೇಗ ಹೆಚ್ಚಿಸುತ್ತಿದ್ದ. ಹತ್ತಿರ ಹೋದರೆ ಗೊಬ್ಬರದ ಚೀಲ ಹೇರಿದ ಟ್ರ್ಯಾಕ್ಟರು, ಇಲ್ಲವೇ ಸುಣ್ಣ ಬಳಿದ ಮೋರಿಕಟ್ಟೆ. ಒಂದು ಕಡೆ ರಸ್ತೆಯ ಬದಿ ಸುಟ್ಟು ಕರಿದಾಗಿತ್ತು. ಅವನು ಗಾಡಿ ನಿಲ್ಲಿಸಿ ಇಳಿದು ನೋಡಿದ. ಯಾರೋ ಹಳೆಯ ಟಯರು ಸುಟ್ಟ ಜಾಗ. ಬೂದಿ ತಣ್ಣಗಿತ್ತು. ಮತ್ತೆ ಕಿಕ್ ಹೊಡೆದು ಹೊರಟ.

ದೇವದುರ್ಗದ ಕಲ್ಯಾಣಮಂಟಪ ಮುಟ್ಟಿದಾಗ ಎರಡು ಗಂಟೆ. ಅಕ್ಷತೆ ಮುಗಿದು ಊಟದ ಪಂಕ್ತಿ ನಡೆದಿತ್ತು. ಹೊರಗಿನ ಬಯಲಲ್ಲಿ ಗಾಡಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಅವನು ಮೂರು ಸುತ್ತು ಹಾಕಿದ. ಬಿಳಿ ಅಂಬಾಸಿಡರ್ ಇರಲಿಲ್ಲ.

ಬೀಗರಿಗೆ ಹೋಳಿಗೆ ಬಡಿಸುತ್ತಿದ್ದ ವಿರೂಪಣ್ಣ ಅವನನ್ನು ನೋಡಿ ಹುಬ್ಬೇರಿಸಿದ. ರೇಷ್ಮೆ ಶಲ್ಯ, ಬಿಳಿ ಧೋತರ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. "ಏನೋ ಮಾಳಿಂಗಪ್ಪ, ನೀನೂ ಬಂದ್ಯಾ? ಕೂಡು, ಉಣ್ಣು."

"ಸಾವ್ಕಾರ್ರ, ಗಾಡಿ ಎಲ್ಲಿ ಅದ್ರಿ?"

"ಅವ್ವಗ ತಲಿ ತಿರುಗಾಕತ್ತಿತ್ತು. ಚನ್ನವೀರ ಗಬ್ಬೂರು ಮ್ಯಾಲ ರಾಯಚೂರಿಗೆ ಡಾಕ್ಟರ್ ಕಡೆ ಕರಕೊಂಡು ಹೋದ. ಅರ್ಧ ತಾಸಾತು. ಯಾಕ?"

ಮಾಳಿಂಗಪ್ಪ ಅಲ್ಲಿಯೇ, ಎಲೆಗಳ ನಡುವೆ ನಿಂತು ಹೇಳಿದ. ದೀಪದ ವಿಷಯ, ಟೇಪಿನ ವಿಷಯ, ತಂತಿಯ ವಿಷಯ. ಸುತ್ತ ಉಣ್ಣುತ್ತಿದ್ದವರ ಕೈ ನಿಂತವು. ವಿರೂಪಣ್ಣ ಹೋಳಿಗೆಯ ಬುಟ್ಟಿಯನ್ನು ನೆಲಕ್ಕಿಟ್ಟ.

"ಅವ್ವ ಕುಂತ ಗಾಡಿಯ ಲೈಟ್ ನೀ ಮುಚ್ಚಿದ್ಯಾ?"

"ಹೌದ್ರಿ."

"ನನ್ನ ತಮ್ಮಗ ಹೇಳಿದ್ಯಾ?"

"ಇಲ್ರಿ. ಹೇಳಿದಂಗ ಮಾಡಿದೆ, ಹೇಳಲಿಲ್ಲ."

ವಿರೂಪಣ್ಣ ಕೈ ಎತ್ತಿದ. ಹೊಡೆಯುತ್ತಾನೆಂದು ಎಲ್ಲರೂ ಅಂದುಕೊಂಡರು, ಮಾಳಿಂಗಪ್ಪನೂ ಅಂದುಕೊಂಡ. ಆ ಕೈ ಜೇಬಿಗೆ ಹೋಗಿ ಫೋನು ತೆಗೆಯಿತು. ಚನ್ನವೀರ ಎತ್ತಲಿಲ್ಲ. ಗಾಡಿಗಳೆಲ್ಲ ಒಂದರ ಹಿಂದೊಂದು ಸಿಕ್ಕಿಕೊಂಡಿದ್ದವು, ಹೊರತೆಗೆಯಲು ಕಾಲು ತಾಸಾದರೂ ಬೇಕು. ವಿರೂಪಣ್ಣ ಧೋತರ ಎತ್ತಿ ಕಟ್ಟಿ ಮಾಳಿಂಗಪ್ಪನ ಮೋಟರ್‌ಸೈಕಲ್ಲಿನ ಹಿಂದೆ ಕುಳಿತ. "ನಡಿ," ಎಂದ. ಮುಂದೆ ಮುಕ್ಕಾಲು ತಾಸಿನ ದಾರಿ. ಹಿಂದಿನಿಂದ ಒಂದು ಕೈ ಮಾಳಿಂಗಪ್ಪನ ಹೆಗಲನ್ನು ಹಿಡಿದಿತ್ತು. ಎಲುಬಿಗೆ ಬೆರಳು ನೆಡುವಷ್ಟು ಬಿಗಿಯಾಗಿ ಹಿಡಿದಿತ್ತು.

ಊರು ಬಿಟ್ಟು ಸ್ವಲ್ಪ ದೂರಕ್ಕೇ ಮಳೆ ಸಿಕ್ಕಿತು. ಮೊದಲು ದಪ್ಪ ಹನಿ, ಆಮೇಲೆ ಮುಂದಿನದು ಕಾಣದಂತೆ. ಮಾಳಿಂಗಪ್ಪನಿಗೆ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಲೆಕ್ಕ. ಮಳೆ ಬಂದರೆ ಚನ್ನವೀರ ವೈಪರ್ ಹಚ್ಚುತ್ತಾನೆ. ಕತ್ತಲಾಯಿತೆಂದು ಹೆಡ್‌ಲೈಟ್ ಹಚ್ಚುತ್ತಾನೆ. ಎರಡೂ ಸೇರಿ ಆ ಹರಿದ ತಂತಿಯ ಮೂಲಕ ಕರೆಂಟು ಎಳೆಯುತ್ತವೆ. ಉಳಿದ ನಾಲ್ಕು ಎಳೆ ಎಷ್ಟು ಹೊತ್ತು ತಡೆದಾವು?

ಅತ್ತ ಆಗಿದ್ದು ಹಾಗೆಯೇ. ಆಮೇಲೆ ಚನ್ನವೀರನೇ ಹೇಳಿದ್ದು ಇದು. ಅನ್ನಮ್ಮ ಎರಡು ವರ್ಷದಲ್ಲಿ ಮೊದಲ ಸಲ ಆ ಕಾರಿನಲ್ಲಿ ಕಣ್ಣು ಮುಚ್ಚಿ ನಿದ್ದೆ ಹೋಗಿದ್ದಳು. ಗಬ್ಬೂರು ದಾಟಿದ ಮೇಲೆ ವೈಪರ್ ನಿಧಾನವಾಗುತ್ತ ಬಂದು ಗಾಜಿನ ನಡುವೆ ನಿಂತಿತು. ಹಾರ್ನ್ ಒತ್ತಿದರೆ ಕೆಮ್ಮಿದಂತೆ ಸದ್ದು. ಚನ್ನವೀರ ದೀಪದ ಜಾಗ ನೋಡಿದ. ಕಪ್ಪಗಿತ್ತು. ಚಾರ್ಜಿಂಗ್ ಸರಿಯಿದೆ, ನೀರು ಹೊಕ್ಕಿರಬೇಕು ಎಂದುಕೊಂಡು ಮತ್ತೆ ಎರಡು ಮೈಲಿ ಕುರುಡಾಗಿ ಓಡಿಸಿದ. ಸುಟ್ಟ ರಬ್ಬರಿನ ವಾಸನೆ ಬಂದಾಗ ಬದಿಗೆ ನಿಲ್ಲಿಸಿದ. ಇಂಜಿನ್ ಮಾತ್ರ ಆರಿಸಲಿಲ್ಲ. ಅಪ್ಪನನ್ನು ಒಯ್ಯುವಾಗ ಕಲ್ಮಲಾದಲ್ಲಿ ಆರಿಸಿದ್ದ, ಮತ್ತೆ ಹೊತ್ತಿರಲಿಲ್ಲ. ಆ ಹೆದರಿಕೆ ಅವನ ಕೈಯನ್ನು ಚಾವಿಯಿಂದ ದೂರ ಇಟ್ಟಿತು. ಓಡುವ ಇಂಜಿನ್ನಿನ ಬಾನೆಟ್ ಎತ್ತಿದ. ಒಳಗೆ ಕೆಂಪಗೆ ಕಾದಿದ್ದ ತಂತಿ ಡೀಸೆಲ್ ಪೈಪನ್ನು ಆಗಲೇ ಕರಗಿಸಿತ್ತು. ಗಾಳಿ ಸಿಕ್ಕಿದ್ದೇ ಬೆಂಕಿ ಅವನ ಎದೆಯ ಮಟ್ಟಕ್ಕೆ ಎದ್ದಿತು.

ಅವನು ಓಡಿಹೋಗಲಿಲ್ಲ. ಬ್ಯಾಟರಿಯ ತಂತಿಯನ್ನು ಎರಡೂ ಕೈಯಿಂದ ಹಿಡಿದು ಕಿತ್ತ. ಚರ್ಮ ಅದಕ್ಕೆ ಅಂಟಿಕೊಂಡು ಬಂತು. ಆಮೇಲೆ ಹಿಂದಿನ ಬಾಗಿಲಿಗೆ ಓಡಿದ. ಸುಟ್ಟ ಕೈಗೆ ಹಿಡಿಕೆ ಬಗ್ಗಲಿಲ್ಲ. ಒಳಗಿನಿಂದ ಆ ಬಾಗಿಲು ವರ್ಷಗಳಿಂದ ತೆರೆಯುತ್ತಿರಲಿಲ್ಲ. ಅನ್ನಮ್ಮ ಎಚ್ಚರಗೊಂಡು ಗಾಜು ಬಡಿಯುತ್ತಿದ್ದಳು. ಹತ್ತಿ ಬೀಜ ಊರುವ ಕೆಲಸ ಬಿಟ್ಟು ಮಳೆಗೆ ಮರದ ಕೆಳಗೆ ನಿಂತಿದ್ದ ಹೆಂಗಸರು ಓಡಿಬಂದರು. ಅವರಲ್ಲಿ ಅಮರಮ್ಮ ಎಂಬಾಕೆ ಹಿಡಿಕೆಗೆ ಸೆರಗು ಸುತ್ತಿ, ಬಾಗಿಲಿಗೆ ಕಾಲು ಕೊಟ್ಟು ಜಗ್ಗಿ, ಮುದುಕಿಯನ್ನು ಮಗುವಿನಂತೆ ಹೊರಗೆಳೆದಳು.

ಮಾಳಿಂಗಪ್ಪ ಮತ್ತು ವಿರೂಪಣ್ಣ ಮುಟ್ಟಿದಾಗ ಮಳೆಯಲ್ಲೇ ಕಾರಿನ ಮುಂಭಾಗ ಉರಿಯುತ್ತಿತ್ತು. ಮಳೆಗೆ ಆ ಬೆಂಕಿ ಸಣ್ಣದಾಗುತ್ತಿತ್ತೇ ಹೊರತು ಆರುತ್ತಿರಲಿಲ್ಲ. ಚನ್ನವೀರ ರಸ್ತೆಯ ಬದಿಯ ತಗ್ಗಿನಲ್ಲಿ, ಹೆಂಗಸರ ಕುಡಿಯುವ ನೀರಿನ ಕೊಡದೊಳಗೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದ. ಅನ್ನಮ್ಮ ಮರದ ಬುಡದಲ್ಲಿದ್ದಳು. ಮೈಮೇಲೆ ಒಂದು ಗಾಯವಿರಲಿಲ್ಲ. ಮಾಳಿಂಗಪ್ಪನನ್ನು ನೋಡಿದ್ದೇ ಮುಖವನ್ನು ಆ ಕಡೆ ತಿರುಗಿಸಿದಳು.

ರಾಯಚೂರಿನ ಆಸ್ಪತ್ರೆಯಲ್ಲಿ ಚನ್ನವೀರ ಇಪ್ಪತ್ತಮೂರು ದಿನ ಇದ್ದ. ಮೊದಲ ಸಂಜೆ ವಾರ್ಡಿನ ಹೊರಗೆ ಅನ್ನಮ್ಮ ಹಿರಿಯ ಮಗನ ಮುಂದೆ, "ನಾನ ಹೇಳಿ ಮುಚ್ಚಿಸಿದ್ದು. ಅವನದು ತಪ್ಪಿಲ್ಲ," ಎಂದಳು.

"ನಿಮಗ ಅದು ಏನಂತ ಗೊತ್ತಿದ್ದಿಲ್ರಿ ಯವ್ವಾ," ಎಂದ ಮಾಳಿಂಗಪ್ಪ. "ನನಗ ಗೊತ್ತಿತ್ತು."

ವಿರೂಪಣ್ಣ ತಿರುಗಿ ವಾರ್ಡಿನೊಳಗೆ ಹೋದ. ಮಾಳಿಂಗಪ್ಪ ದಿನ ಬಿಟ್ಟು ದಿನ ಮಾನ್ವಿಯಿಂದ ಬಸ್ಸಿನಲ್ಲಿ ಹೋಗಿ ವಾರ್ಡಿನ ಹೊರಗೆ ಕುಳಿತು ಬರುತ್ತಿದ್ದ. ಯಾರೂ ಅವನನ್ನು ಹೋಗು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಆ ದಿನಗಳಲ್ಲಿ ಪೋತ್ನಾಳದ ಕಡೆಯ ಒಂದು ಗಾಡಿಯೂ ಅವನ ಅಂಗಡಿಗೆ ಬರಲಿಲ್ಲ.

ಚನ್ನವೀರ ಮನೆಗೆ ಮರಳಿದ ಮೂರನೆಯ ದಿನ ವಿರೂಪಣ್ಣನಿಂದ ಫೋನು ಬಂತು. "ಗಿರಣಿಗೆ ಬಾ. ಮೀಟರ್ ತಗೊಂಡು ಬಾ."

ಸುಟ್ಟ ಕಾರನ್ನು ಗಿರಣಿಯ ಹಿಂದೆ, ತೌಡಿನ ಗುಡ್ಡೆಯ ಪಕ್ಕ ತಂದು ನಿಲ್ಲಿಸಿದ್ದರು. ವಿರೂಪಣ್ಣ, ಎರಡೂ ಕೈಗೆ ಬ್ಯಾಂಡೇಜು ಸುತ್ತಿದ ಚನ್ನವೀರ, ಕುರ್ಚಿಯ ಮೇಲೆ ಅನ್ನಮ್ಮ.

"ಎಲ್ಲಿ ಶುರು ಆತು ಅಂತ ನನಗ ತೋರಿಸು," ಎಂದ ವಿರೂಪಣ್ಣ. "ನೀ ಹೇಳಿದ್ದು ಖರೇ ಏನು, ಸುಳ್ಳ ಏನು, ಕಣ್ಣಿಲೆ ನೋಡಬೇಕು."

ಮಾಳಿಂಗಪ್ಪ ಬಾಗಿ ಡೈನಮೊದ ತುದಿಯಿಂದ ಶುರು ಮಾಡಿದ. ಮಸಿಯನ್ನು ಬಟ್ಟೆಯಿಂದ ಒರೆಸುತ್ತ, ತಂತಿಯನ್ನು ಗೇಣು ಗೇಣಾಗಿ ಬೆರಳಿನಲ್ಲಿ ಹಿಡಿದು ಬಂದ. ಮೀಟರ್ ಬೇಕಾಗಲಿಲ್ಲ. ಇಂಜಿನ್ನಿನ ಪಕ್ಕದ ಕಬ್ಬಿಣದ ಪಟ್ಟಿಗೆ ಉಜ್ಜುವ ಜಾಗದಲ್ಲಿ ತಾಮ್ರ ಕರಗಿ ಗುಂಡಗೆ ಹನಿಯಾಗಿ ನಿಂತಿತ್ತು. ಅದರ ಈಚೆಗೆ ಒಂದು ಜೋಡಣೆ. ಎರಡು ಬೇರೆ ತಂತಿಗಳನ್ನು ಬೆಸುಗೆ ಇಲ್ಲದೆ ಕೈಯಿಂದ ತಿರುಚಿ ಕೂಡಿಸಿದ್ದರು. ಒಂದು ಗಾಡಿಯದು. ಇನ್ನೊಂದು ತೆಳ್ಳಗಿನದು, ಹೊಲದ ಪಂಪ್‌ಸೆಟ್ಟಿಗೆ ಹಾಕುವಂಥದು.

"ಇಲ್ಲೇರಿ. ಈ ಜೋಡಣಿ ಹಳೇದು. ಕಡಿಮಿ ಅಂದ್ರೂ ಮೂರ್ನಾಲ್ಕು ವರ್ಷ ಆಗ್ಯಾದ. ಬೆಂಕಿ ಬೀಳೂಕಿಂತ ಮುಂಚೆನೂ ಕಾದು ಕಾದು ಕರ್ರಗಾಗ್ಯಾದ ನೋಡ್ರಿ. ದೊಡ್ಡ ಸಾವ್ಕಾರ್ರನ್ನ ಒಯ್ಯುವಾಗ ಬ್ಯಾಟರಿ ಚಾರ್ಜ್ ಆಗದಿದ್ದದ್ದೂ ಇದರಿಂದನ."

ಗಿರಣಿಯ ಸದ್ದು ಒಂದೇ ಸಮನೆ ಬರುತ್ತಿತ್ತು. ವಿರೂಪಣ್ಣ ಬಾಗಿ ಆ ಕರಿ ಗಂಟನ್ನು ನೋಡಿದ.

"ಯಾರು ಹಾಕಿದ್ದು ಇದನ್ನ?"

"ಅದು ನನಗ ಗೊತ್ತಿಲ್ರಿ."

"ನಾ," ಎಂದ ಚನ್ನವೀರ.

ಎಲ್ಲರೂ ತಿರುಗಿದರು. ಅವನು ಬ್ಯಾಂಡೇಜಿನ ಕೈಗಳನ್ನು ಎದೆಗೆ ಹಿಡಿದುಕೊಂಡಿದ್ದ.

"ಇಲಿ ಕಡದಿತ್ತು. ಅಪ್ಪ ಚೀಕಲಪರ್ವಿಗೆ ಹೋಗಬೇಕು ಅಂತ ಅವಸರ ಮಾಡಾಕತ್ತಿದ್ರು. ಪಂಪಿನ ವೈರು ತುಂಡು ಬಿದ್ದಿತ್ತು. ಆಮ್ಯಾಲ ಸರಿ ಮಾಡಿಸಬೇಕು ಅಂದ್ಕೊಂಡೆ. ಓಡಾಕತ್ತಿತ್ತು. ಮರತೆ. ಖರೇನ ಮರತಿದ್ದೆ ಅಣ್ಣಾ. ಈಗ ನೋಡಿದ ಮ್ಯಾಲ ನೆನಪಾತು."

ಅನ್ನಮ್ಮ ಕುರ್ಚಿಯಿಂದ ಏಳಲು ಹೋಗಿ ಏಳಲಾಗದೆ ಮತ್ತೆ ಕುಳಿತಳು. ವಿರೂಪಣ್ಣ ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. ಬೆನ್ನು ತಿರುಗಿಸಿ ಗಿರಣಿಯೊಳಗೆ ಹೋದ.

ಅವತ್ತಿನಿಂದ ಆ ಮನೆಯಲ್ಲಿ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಜಗಳವೂ ಇಲ್ಲ. ಒಂದೇ ಅಡುಗೆಮನೆ, ಊಟದ ಹೊತ್ತು ಬೇರೆ. ವಿರೂಪಣ್ಣ ಏನೂ ಹೇಳದಿರುವುದೇ ತನಗೆ ಹೆಚ್ಚು ಹೆದರಿಕೆ ಎಂದು ಚನ್ನವೀರ ಒಮ್ಮೆ ಮಾಳಿಂಗಪ್ಪನಿಗೆ ಹೇಳಿದ. ಅವನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಚಮಚೆಯಿಂದ ಉಣ್ಣುತ್ತಾನೆ. ಅನ್ನಮ್ಮ ಇಬ್ಬರಲ್ಲಿ ಯಾರ ಪರವೂ ಮಾತಾಡದೆ ಪೂಜೆಯ ಕೋಣೆಯಲ್ಲೇ ದಿನ ಕಳೆಯುತ್ತಾಳೆ.

ಪೋತ್ನಾಳದ ಗಿರಾಕಿಗಳು ದೀಪಾವಳಿಯ ಹೊತ್ತಿಗೆ ಒಬ್ಬೊಬ್ಬರಾಗಿ ಮಾಳಿಂಗಪ್ಪನಲ್ಲಿಗೆ ಮರಳಿದರು. ಕೆಲವರು ಅಡ್ಡಮಾತಿನಲ್ಲಿ ಕೇಳುತ್ತಾರೆ, ಆ ಲೈಟ್ ಮುಚ್ಚಿದವ ನೀನೇ ಏನು ಎಂದು. ಅವನು ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, "ಹೌದ್ರಿ, ನಾನ," ಎಂದು ಮೊದಲಿನಿಂದ ಹೇಳುತ್ತಾನೆ. ಚನ್ನವೀರನ ಜೋಡಣೆಯ ವಿಷಯ ಅದರಲ್ಲಿ ಬರುವುದಿಲ್ಲ. ಅದನ್ನು ಹೇಳಿದರೆ ತಪ್ಪಿನಲ್ಲಿ ತನ್ನ ಪಾಲು ಕಡಿಮೆಯಾದಂತೆ ಕಾಣುತ್ತದೆ, ಹಾಗಾಗಬಾರದು ಎಂದು ಬೂದೆಮ್ಮನಿಗೆ ಹೇಳಿದ್ದಾನೆ. ಆಕೆಗೂ ಅದು ಸರಿಯೆನಿಸಿದೆ.